ಗಣಿತ ಇಷ್ಟ, ಕೋಡಿಂಗ್ ಬೇಡ: ಕ್ವಾಂಟ್ ಫೈನಾನ್ಸ್‌ನಲ್ಲಿ ಯಾವ ಕೆಲಸ ಆರಿಸಿಕೊಳ್ಳಬೇಕು?

ಕ್ವಾಂಟ್ ಫೈನಾನ್ಸ್ ಅಂದರೆ ಬ್ಯಾಂಕು, ವಿಮೆ, ಷೇರುಪೇಟೆಯ ಪ್ರಶ್ನೆಗಳನ್ನು ಗಣಿತ ಹಿಡಿದು ಬಿಡಿಸುವ ಕ್ಷೇತ್ರ. ಒಂದು ಸಾಲು ಕೋಡ್ ಕೂಡ ಮುಟ್ಟದೆ ಅದರಲ್ಲಿ ಇರಬಹುದಾ ಅಂತ ಕೇಳಿದರೆ ಇಲ್ಲ ಅಂತಲೇ ಹೇಳುತ್ತೇನೆ. ಆದರೆ ಬೆಳಗಿಂದ ಸಂಜೆವರೆಗೂ ಕೋಡ್ ಬರೆಯದೆ, ಗಣಿತ ಮತ್ತು ಸ್ಟ್ಯಾಟಿಸ್ಟಿಕ್ಸ್ ನಂಬಿಕೊಂಡು ಒಳ್ಳೆಯ ಕೆಲಸ ಮಾಡಬಹುದಾ ಅಂದರೆ, ಖಂಡಿತ ಮಾಡಬಹುದು. ನಾನು ಅದನ್ನೇ ಮಾಡುತ್ತಿದ್ದೇನೆ. ಎಂಎಸ್ಸಿ ಸ್ಟ್ಯಾಟಿಸ್ಟಿಕ್ಸ್ ಮುಗಿಸಿ, ಬೆಂಗಳೂರಿನಲ್ಲಿರುವ ಒಂದು ವಿದೇಶಿ ಬ್ಯಾಂಕಿನ ಕಚೇರಿಯಲ್ಲಿ ಮಾಡೆಲ್ ವ್ಯಾಲಿಡೇಶನ್, ಅಂದರೆ ಬೇರೆಯವರು ಕಟ್ಟಿದ ಲೆಕ್ಕದ ಮಾದರಿಗಳನ್ನು ಪರೀಕ್ಷಿಸುವ ಕೆಲಸಕ್ಕೆ ಸೇರಿ ಕೆಲವು ವರ್ಷಗಳಾದವು. ವಾರದಲ್ಲಿ ಹೆಚ್ಚೆಂದರೆ ಒಂದು ದಿನದಷ್ಟು ಹೊತ್ತು ಕೋಡ್ ಮುಂದೆ ಕೂರುತ್ತೇನೆ. ಉಳಿದದ್ದೆಲ್ಲ ಓದುವುದು, ಲೆಕ್ಕ ಹಾಕುವುದು, ಬರೆಯುವುದು, ವಾದ ಮಾಡುವುದು.

ಮೈಸೂರು, ಧಾರವಾಡ, ಮಂಗಳೂರು ಕಡೆ ಎಂಎಸ್ಸಿ ಮಾಡುತ್ತಿರುವವರು ನನಗೆ ಆಗಾಗ ಮೆಸೇಜ್ ಮಾಡುತ್ತಾರೆ. ಪ್ರಶ್ನೆ ಹೆಚ್ಚುಕಡಿಮೆ ಒಂದೇ: ಕೋಡಿಂಗ್ ಕಡಿಮೆ ಇರುವ ಕೆಲಸ ಯಾವುದು? ಇದಕ್ಕೆ ಒಂದು ಸಾಲಿನ ಉತ್ತರ ಕೊಟ್ಟರೆ ಮೋಸ ಮಾಡಿದ ಹಾಗಾಗುತ್ತದೆ. ಯಾಕೆಂದರೆ ಈ ಕ್ಷೇತ್ರದಲ್ಲಿ ಕೋಡಿಂಗ್ ಕಡಿಮೆ ಇರುವ ಕಡೆಯೆಲ್ಲ ಅದರ ಜಾಗದಲ್ಲಿ ಬೇರೇನೋ ಒಂದು ಬಂದು ಕೂತಿರುತ್ತದೆ. ಒಂದು ಕಡೆ ಹತ್ತು ವರ್ಷ ಎಳೆಯುವ ಪರೀಕ್ಷೆಗಳು, ಇನ್ನೊಂದು ಕಡೆ ಎಂಬತ್ತು ಪುಟದ ವರದಿ, ಮತ್ತೊಂದು ಕಡೆ ನಿಮಿಷದಲ್ಲಿ ಹತ್ತು ಲೆಕ್ಕ ಮಾಡುವ ವೇಗ. ಕೋಡಿನ ಬದಲಿಗೆ ನೀವು ಏನು ಹೊರಲು ಸಿದ್ಧ ಅನ್ನೋದನ್ನು ಮೊದಲು ಯೋಚಿಸಿ. ಕೆಳಗೆ ಒಂದೊಂದು ಕೆಲಸವನ್ನೂ ಹಾಗೇ ತೂಗಿ ನೋಡಿದ್ದೇನೆ.

ಮೊದಲು ಒಂದು ಗಂಟೆಯ ಪರೀಕ್ಷೆ

ಕೋಡಿಂಗ್ ಇಷ್ಟವಿಲ್ಲ ಅನ್ನುವವರಲ್ಲಿ ಹಲವು ಬಗೆ. ಕೆಲವರಿಗೆ ದೊಡ್ಡ ಸಾಫ್ಟ್‌ವೇರ್ ಕಟ್ಟುವುದು ಬೇಡ, ಆದರೆ ಇಪ್ಪತ್ತು ಸಾಲಿನ ಸ್ಕ್ರಿಪ್ಟ್ ಆದರೆ ತೊಂದರೆಯಿಲ್ಲ. ಕೆಲವರಿಗೆ ಕಾಲೇಜಿನಲ್ಲಿ ಯಾರೋ ಕೆಟ್ಟದಾಗಿ ಕಲಿಸಿದ ಸಿ ಪ್ಲಸ್ ಪ್ಲಸ್ ನೆನಪು ಇನ್ನೂ ಹೋಗಿಲ್ಲ, ಅಷ್ಟೇ. ಇನ್ನು ಕೆಲವರಿಗೆ ಕಂಪ್ಯೂಟರ್ ಮುಂದೆ ಕೂತು ಡೇಟಾ ನೋಡುವುದೇ ಬೇಸರ. ಮೂರನೆಯ ಬಗೆಯವರಿಗೆ ಈ ಕ್ಷೇತ್ರ ಕಷ್ಟ. ಮೊದಲಿನ ಇಬ್ಬರಿಗೆ ಬೇಕಾದಷ್ಟು ದಾರಿಗಳಿವೆ.

ನೀವು ಯಾವ ಬಗೆ ಅಂತ ತಿಳಿಯಲು ಇದನ್ನು ಮಾಡಿ ನೋಡಿ. ನಿಫ್ಟಿ ಸೂಚ್ಯಂಕದ ಒಂದು ವರ್ಷದ ದಿನದ ಅಂತ್ಯದ ಬೆಲೆಗಳನ್ನು ಎನ್‌ಎಸ್‌ಇ ತಾಣದಿಂದ ಇಳಿಸಿಕೊಂಡು ಎಕ್ಸೆಲ್‌ನಲ್ಲಿ ಹಾಕಿ. ಪ್ರತಿ ದಿನದ ಶೇಕಡಾ ಏರಿಳಿತ ಲೆಕ್ಕ ಹಾಕಿ. ಅದನ್ನು ಕಡಿಮೆಯಿಂದ ಜಾಸ್ತಿಗೆ ಜೋಡಿಸಿ. ವರ್ಷಕ್ಕೆ ಸುಮಾರು 250 ವಹಿವಾಟಿನ ದಿನಗಳು, ಅದರಲ್ಲಿ ಶೇ 1 ಅಂದರೆ ಎರಡೂವರೆ ದಿನ. ಹಾಗಾಗಿ ಕೆಳಗಿನಿಂದ ಎರಡನೇ ಮತ್ತು ಮೂರನೇ ಕೆಟ್ಟ ದಿನಗಳ ನಡುವೆ ಎಲ್ಲೋ ಇರುವ ಸಂಖ್ಯೆಯೇ ಶೇ 99ರ ಒಂದು ದಿನದ ವ್ಯಾಲ್ಯೂ ಅಟ್ ರಿಸ್ಕ್. ಅಂದರೆ ನೂರರಲ್ಲಿ 99 ದಿನ ನಷ್ಟ ಇದಕ್ಕಿಂತ ಜಾಸ್ತಿ ಆಗಲಾರದು ಅನ್ನುವ ಅಂದಾಜು. ಬ್ಯಾಂಕುಗಳು ದಿನವೂ ಲೆಕ್ಕ ಹಾಕುವ ಸಂಖ್ಯೆಯ ತಿರುಳು ಇದೇ.

ಈಗ ನಿಮ್ಮ ಮನಸ್ಸು ಎಲ್ಲಿಗೆ ಓಡಿತು ಅಂತ ನೋಡಿಕೊಳ್ಳಿ. ಆ ಕೆಟ್ಟ ದಿನಗಳಲ್ಲಿ ಏನಾಗಿತ್ತು, ಒಂದೇ ವರ್ಷ ಸಾಕಾ, ಬೇರೆ ವರ್ಷ ತೆಗೆದುಕೊಂಡಿದ್ದರೆ ಉತ್ತರ ಎಷ್ಟು ಬದಲಾಗುತ್ತಿತ್ತು ಅಂತ ಕೇಳಬೇಕು ಅನಿಸಿತಾ? ಹಾಗಿದ್ದರೆ ರಿಸ್ಕ್ ಮತ್ತು ವ್ಯಾಲಿಡೇಶನ್ ನಿಮ್ಮ ಜಾಗ. ಇದನ್ನು ದಿನಾ ತಾನೇ ತಾನಾಗಿ ಓಡುವ ಹಾಗೆ ಮಾಡಿಬಿಡೋಣ ಅನಿಸಿತಾ? ಆಗ ನಿಮಗೆ ಕೋಡಿಂಗ್ ಮೇಲೆ ದ್ವೇಷವೇ ಇಲ್ಲ, ಒಳ್ಳೆಯ ಮೇಷ್ಟ್ರು ಸಿಕ್ಕಿಲ್ಲ ಅಷ್ಟೇ.

ಯಾವ ಕಡೆ ಹೋಗಬಾರದು

ಕ್ವಾಂಟ್ ಡೆವಲಪರ್, ಹೈ ಫ್ರೀಕ್ವೆನ್ಸಿ ಟ್ರೇಡಿಂಗ್ (ಕ್ಷಣಾರ್ಧದಲ್ಲಿ ಕೊಂಡು ಮಾರುವ) ಕಂಪನಿಯ ರಿಸರ್ಚರ್, ಆಲ್ಗೊ ಟ್ರೇಡಿಂಗ್ (ಪ್ರೋಗ್ರಾಮೇ ವಹಿವಾಟು ಮಾಡುವುದು). ಈ ಮೂರರಲ್ಲೂ ಕೋಡೇ ಕೆಲಸ. ಸಂಬಳ ಇಲ್ಲೇ ಜಾಸ್ತಿ ಅನ್ನೋದು ನಿಜ, ಅದನ್ನು ಮುಚ್ಚಿಡುವುದರಲ್ಲಿ ಅರ್ಥವಿಲ್ಲ. ಆದರೆ ಇಷ್ಟವಿಲ್ಲದ ಕೆಲಸದಲ್ಲಿ, ಅದನ್ನು ಪ್ರಾಣದಷ್ಟು ಪ್ರೀತಿಸುವವರ ಜೊತೆ ದಿನಾ ಪೈಪೋಟಿ ಮಾಡಿ ಗೆಲ್ಲುವುದು ಕಷ್ಟ.

ಇಲ್ಲಿ ಒಂದು ಎಚ್ಚರಿಕೆ. ಕೋಡಿಂಗ್ ಬೇಡ, ನಮ್ಮ ಟೂಲ್‌ನಲ್ಲಿ ಬಟನ್ ಒತ್ತಿದರೆ ಸಾಕು, ಮೂರು ತಿಂಗಳಲ್ಲಿ ಕ್ವಾಂಟ್ ಟ್ರೇಡರ್ ಆಗಿ ಅಂತ ಕೋರ್ಸ್ ಮಾರುವವರು ತುಂಬಾ ಇದ್ದಾರೆ. ಮನೆಯಲ್ಲಿ ಕೂತು ಆಪ್ಷನ್ಸ್ ಆಡುವುದು ಕ್ವಾಂಟ್ ಉದ್ಯೋಗ ಅಲ್ಲವೇ ಅಲ್ಲ. 2024ರ ಸೆಪ್ಟೆಂಬರ್‌ನಲ್ಲಿ ಷೇರು ಮಾರುಕಟ್ಟೆಯ ನಿಯಂತ್ರಕ ಸಂಸ್ಥೆ ಸೆಬಿ ಹೊರತಂದ ಅಧ್ಯಯನ ನೋಡಿ: 2022ರಿಂದ 2024ರವರೆಗಿನ ಮೂರು ಹಣಕಾಸು ವರ್ಷಗಳಲ್ಲಿ ಫ್ಯೂಚರ್ಸ್ ಮತ್ತು ಆಪ್ಷನ್ಸ್‌ಗೆ ಇಳಿದ ಒಂದು ಕೋಟಿಗೂ ಹೆಚ್ಚು ಸಾಮಾನ್ಯ ಜನರಲ್ಲಿ ಶೇ 93ರಷ್ಟು ಮಂದಿ ದುಡ್ಡು ಕಳೆದುಕೊಂಡಿದ್ದಾರೆ. ಎಲ್ಲರ ನಷ್ಟ ಸೇರಿ 1.8 ಲಕ್ಷ ಕೋಟಿ ರೂಪಾಯಿ ದಾಟಿದೆ. ಆ ಕೋರ್ಸ್‌ಗೆ ಕಟ್ಟುವ ದುಡ್ಡು ಇಟ್ಟುಕೊಳ್ಳಿ, ಮುಂದೆ ಬೇರೆ ಪರೀಕ್ಷೆಗೆ ಬೇಕಾಗುತ್ತದೆ.

ಮಾಡೆಲ್ ವ್ಯಾಲಿಡೇಶನ್: ಕೋಡ್ ಕಡಿಮೆ, ಬರವಣಿಗೆ ಜಾಸ್ತಿ

ನನಗೆ ಚೆನ್ನಾಗಿ ಗೊತ್ತಿರುವ ಕೆಲಸ ಇದು, ಹಾಗಾಗಿ ಇಲ್ಲಿ ಸ್ವಲ್ಪ ಹೊತ್ತು ನಿಲ್ಲುತ್ತೇನೆ.

ಬ್ಯಾಂಕಿನಲ್ಲಿ ಒಂದು ತಂಡ ಮಾಡೆಲ್ ಕಟ್ಟುತ್ತದೆ. ಅದು ಸರಿಯಿದೆಯಾ, ಎಲ್ಲಿ ಕೈಕೊಡುತ್ತದೆ ಅಂತ ಆ ತಂಡಕ್ಕೆ ಸಂಬಂಧವಿಲ್ಲದ ಬೇರೆಯವರು ಪರೀಕ್ಷೆ ಮಾಡಬೇಕು. ಅಮೆರಿಕದ ಫೆಡರಲ್ ರಿಸರ್ವ್ ಮತ್ತು ಅಲ್ಲಿನ ಇನ್ನೊಂದು ಬ್ಯಾಂಕ್ ನಿಯಂತ್ರಕ ಸಂಸ್ಥೆ ಓಸಿಸಿ ಸೇರಿ 2011ರ ಏಪ್ರಿಲ್‌ನಲ್ಲಿ ಇದರ ಬಗ್ಗೆ ಒಂದು ಮಾರ್ಗಸೂಚಿ ತಂದವು. ಎಸ್‌ಆರ್ 11-7 ಅಂತ ಅದರ ಹೆಸರು. ಈ ಕೆಲಸಕ್ಕೆ ಅರ್ಜಿ ಹಾಕುವ ಮುಂಚೆ ಅದನ್ನು ಒಮ್ಮೆ ಪೂರ್ತಿ ಓದಿ, ಇಪ್ಪತ್ತು ಪುಟದ ಆಸುಪಾಸು ಇದೆ ಅಷ್ಟೇ. ಇಂಥ ನಿಯಮಗಳು ಬಿಗಿಯಾದ ಹಾಗೆ ದೊಡ್ಡ ಬ್ಯಾಂಕುಗಳಲ್ಲಿ ವ್ಯಾಲಿಡೇಶನ್ ತಂಡಗಳು ಬೆಳೆದವು, ಅದರ ಒಂದು ಪಾಲು ಬೆಂಗಳೂರಿಗೂ ಬಂತು. ನಮ್ಮೂರಿನ ಹುಡುಗ ಹುಡುಗಿಯರು ನ್ಯೂಯಾರ್ಕ್, ಲಂಡನ್‌ನಲ್ಲಿ ಓಡುವ ಮಾಡೆಲ್‌ಗಳನ್ನು ಮಾರತ್ತಹಳ್ಳಿಯಲ್ಲಿ ಕೂತು ಜಾಲಾಡುವುದು ಹೀಗೆ.

ಜಾಲಾಡುವುದು ಅಂದರೆ ಏನು ಅಂತ ಒಂದು ಉದಾಹರಣೆ ಕೊಡುತ್ತೇನೆ. 2012ರಲ್ಲಿ ಜೆಪಿ ಮಾರ್ಗನ್ ಬ್ಯಾಂಕಿನ ಲಂಡನ್ ಕಚೇರಿಯ ಒಂದು ವಿಭಾಗ 600 ಕೋಟಿ ಡಾಲರ್‌ಗೂ ಜಾಸ್ತಿ ಕಳೆದುಕೊಂಡಿತು. ಲಂಡನ್ ವೇಲ್ ಪ್ರಕರಣ ಅಂತ ಎಲ್ಲರೂ ಕರೆಯುತ್ತಾರೆ. ಅದರ ಬಗ್ಗೆ ಬ್ಯಾಂಕೇ 2013ರ ಜನವರಿಯಲ್ಲಿ ಒಂದು ವರದಿ ಬಿಡುಗಡೆ ಮಾಡಿತು. ನಷ್ಟಕ್ಕೆ ಕಾರಣಗಳು ಹಲವು. ಆದರೆ ನನ್ನಂಥವರ ಕಣ್ಣು ನೆಡುವುದು ಒಂದು ಸಣ್ಣ ವಿವರದ ಮೇಲೆ. ಅವರ ಹೊಸ ವ್ಯಾಲ್ಯೂ ಅಟ್ ರಿಸ್ಕ್ ಮಾಡೆಲ್ ಎಕ್ಸೆಲ್ ಹಾಳೆಗಳ ಮೇಲೆ ಓಡುತ್ತಿತ್ತು, ಒಂದರಿಂದ ಇನ್ನೊಂದಕ್ಕೆ ಕೈಯಲ್ಲಿ ಕಾಪಿ ಪೇಸ್ಟ್ ಮಾಡಬೇಕಿತ್ತು. ಅದರಲ್ಲಿ ಹಳೆಯ ದರ, ಹೊಸ ದರಗಳ ವ್ಯತ್ಯಾಸವನ್ನು ಎರಡರ ಸರಾಸರಿಯಿಂದ ಭಾಗಿಸುವ ಬದಲು ಮೊತ್ತದಿಂದ ಭಾಗಿಸಿಬಿಟ್ಟಿದ್ದರು. ನೀವೇ ಲೆಕ್ಕ ಹಾಕಿ: ದರ 100ರಿಂದ 110ಕ್ಕೆ ಹೋಯಿತು ಅಂದುಕೊಳ್ಳಿ. ವ್ಯತ್ಯಾಸ 10. ಸರಾಸರಿ 105ರಿಂದ ಭಾಗಿಸಿದರೆ ಶೇ 9.5. ಮೊತ್ತ 210ರಿಂದ ಭಾಗಿಸಿದರೆ ಶೇ 4.8. ಏರಿಳಿತ ಅರ್ಧಕ್ಕೆ ಇಳಿಯಿತು, ರಿಸ್ಕ್ ಕಡಿಮೆ ಇದ್ದ ಹಾಗೆ ಕಂಡಿತು.

ಈ ತಪ್ಪು ಹಿಡಿಯಲು ಎಂಟನೇ ಕ್ಲಾಸಿನ ಗಣಿತ ಸಾಕು, ಪ್ರೋಗ್ರಾಮಿಂಗ್ ಬೇಡವೇ ಬೇಡ. ಬೇಕಿದ್ದದ್ದು ಸೂತ್ರವನ್ನು ಒಂದೊಂದೇ ಕೋಶದಲ್ಲಿ ನೋಡುವ ತಾಳ್ಮೆ, ಮತ್ತು ಬೇಗ ಒಪ್ಪಿಗೆ ಕೊಡಿ ಅಂತ ಮೇಲಿನಿಂದ ಒತ್ತಡ ಬಂದಾಗ ತಡೆಯಿರಿ ಅನ್ನುವ ಧೈರ್ಯ. ನನಗೆ ಈ ಕೆಲಸದ ಮೇಲೆ ಪ್ರೀತಿ ಇರುವುದು ಇದಕ್ಕೇ.

ಮಾಡೆಲ್ ಕೊಟ್ಟ ಭವಿಷ್ಯ ನಿಜವಾಯಿತಾ ಅಂತ ನೋಡುವುದು ಇನ್ನೊಂದು ದೊಡ್ಡ ಭಾಗ. ಬ್ಯಾಂಕುಗಳು ಎಷ್ಟು ಬಂಡವಾಳ ಇಡಬೇಕು ಅಂತ ಹೇಳುವ ಅಂತರರಾಷ್ಟ್ರೀಯ ಬಾಸೆಲ್ ನಿಯಮದಲ್ಲಿ ಇದಕ್ಕೆ ಟ್ರಾಫಿಕ್ ದೀಪದ ಪದ್ಧತಿಯೇ ಇದೆ. 250 ದಿನಗಳಲ್ಲಿ ನಷ್ಟ ಅಂದಾಜು ಮೀರಿದ್ದು 4 ಸಲದವರೆಗೆ ಇದ್ದರೆ ಹಸಿರು, 5ರಿಂದ 9 ಹಳದಿ, 10 ಅಥವಾ ಜಾಸ್ತಿ ಆದರೆ ಕೆಂಪು. ಹಳದಿಗೆ ಬಂದರೆ ಬ್ಯಾಂಕ್ ಹೆಚ್ಚು ಬಂಡವಾಳ ಇಡಬೇಕಾಗುತ್ತದೆ. 250ರಲ್ಲಿ ಎರಡೂವರೆ ಸಲ ಮೀರಬೇಕಾದದ್ದು ನಾಲ್ಕು ಸಲ ಮೀರಿದರೂ ಹಸಿರೇ ಯಾಕೆ ಅಂತ ಬೈನಾಮಿಯಲ್ ಹಂಚಿಕೆ ಹಿಡಿದು ವಿವರಿಸಲು ಬಂದರೆ, ಇಂಟರ್‌ವ್ಯೂನಲ್ಲಿ ಅರ್ಧ ಗೆದ್ದ ಹಾಗೆ.

ಇಲ್ಲಿ ಕೋಡ್ ಎಷ್ಟು? ಬೇರೆಯವರು ಬರೆದ ಪೈಥಾನ್ ಅಥವಾ ಆರ್ ಭಾಷೆಯ ಕೋಡ್ ಓದಿ ಅರ್ಥ ಮಾಡಿಕೊಳ್ಳಬೇಕು, ಅಲ್ಲಲ್ಲಿ ಬದಲಿಸಿ ಓಡಿಸಬೇಕು. ಕೋಡಿನ ಜಾಗದಲ್ಲಿ ಕೂತಿರುವುದು ಇಂಗ್ಲಿಷ್ ಬರವಣಿಗೆ. ಅರವತ್ತು, ಎಂಬತ್ತು ಪುಟದ ವರದಿಗಳು. ಪ್ರತಿ ವಾಕ್ಯವನ್ನೂ ಮಾಡೆಲ್ ಕಟ್ಟಿದವರು ಪ್ರಶ್ನಿಸುತ್ತಾರೆ, ಆಡಿಟ್‌ನವರು ಪ್ರಶ್ನಿಸುತ್ತಾರೆ. ಕನ್ನಡ ಮಾಧ್ಯಮದಿಂದ ಬಂದ ನನಗೆ ಮೊದಲ ವರ್ಷ ಗಣಿತಕ್ಕಿಂತ ಇದೇ ಭಾರವಾಗಿತ್ತು. ನನ್ನ ಮೊದಲ ವರದಿ ಹನ್ನೊಂದು ಸಲ ವಾಪಸ್ ಬಂತು. ಹಾಗಂತ ಹೆದರಬೇಡಿ. ಸಣ್ಣ ವಾಕ್ಯದಲ್ಲಿ, ಒಂದು ಸಲಕ್ಕೆ ಒಂದು ವಿಷಯ ಹೇಳುವುದು ಕಲಿತರೆ ಸಾಕಾಗುತ್ತದೆ. ಆದರೆ ಬರೆಯುವುದೇ ಬೇಡ ಅನ್ನುವವರು ಇಲ್ಲಿಗೆ ಬರಬೇಡಿ, ಕೋಡಿಂಗ್‌ಗಿಂತ ಜಾಸ್ತಿ ಹಿಂಸೆ ಆಗುತ್ತದೆ.

ಆಕ್ಚುವರಿ: ಕೋಡ್ ಇನ್ನೂ ಕಡಿಮೆ, ವರ್ಷಗಳು ಜಾಸ್ತಿ

ಗಣಿತದ ಪಾಲು ಅತಿ ಹೆಚ್ಚು, ಕೋಡಿಂಗ್ ಪಾಲು ಅತಿ ಕಡಿಮೆ ಬೇಕು ಅಂದರೆ ನಾನು ಮೊದಲು ಹೇಳುವ ಹೆಸರು ಇದು. ವಿಮೆ, ಪಿಂಚಣಿ, ಗ್ರಾಚುಯಿಟಿ ಇವುಗಳ ಹಿಂದಿನ ಲೆಕ್ಕ ಆಕ್ಚುವರಿಯದು. ಪ್ರತಿ ವಿಮಾ ಕಂಪನಿಯೂ ಒಬ್ಬ ನೇಮಿತ ಆಕ್ಚುವರಿಯನ್ನು ಇಟ್ಟುಕೊಳ್ಳಲೇಬೇಕು ಅಂತ ವಿಮಾ ನಿಯಂತ್ರಕ ಸಂಸ್ಥೆ ಐಆರ್‌ಡಿಎಐ ನಿಯಮವಿದೆ. ಈ ವೃತ್ತಿಯನ್ನು ನೋಡಿಕೊಳ್ಳುವುದು ಇನ್‌ಸ್ಟಿಟ್ಯೂಟ್ ಆಫ್ ಆಕ್ಚುವರೀಸ್ ಆಫ್ ಇಂಡಿಯಾ. 2006ರ ಆಕ್ಚುವರಿಗಳ ಕಾಯ್ದೆಯಡಿ ಬರುವ ಸಂಸ್ಥೆ ಅದು. ಎಸೆಟ್ ಅನ್ನುವ ಪ್ರವೇಶ ಪರೀಕ್ಷೆ ಪಾಸಾದರೆ ಒಳಗೆ ಬರಬಹುದು, ಪಿಯುಸಿ ಆದವರೂ ಬರೆಯಬಹುದು.

ಕೆಲಸ ಹೇಗಿರುತ್ತದೆ ಅಂತ ಗ್ರಾಚುಯಿಟಿಯಿಂದಲೇ ತೋರಿಸುತ್ತೇನೆ, ನಮ್ಮೆಲ್ಲರ ಮನೆಗೂ ಗೊತ್ತಿರುವ ವಿಷಯ ಅಲ್ವಾ. ಒಂದು ವರ್ಷದ ಸೇವೆಗೆ 15 ದಿನದ ಸಂಬಳ, ತಿಂಗಳಿಗೆ 26 ದಿನ ಅಂತ ಲೆಕ್ಕ. ಸಂಬಳ 52,000 ಇದ್ದರೆ ವರ್ಷಕ್ಕೆ 30,000. ಇಪ್ಪತ್ತು ವರ್ಷಕ್ಕೆ 6 ಲಕ್ಷ. ಇಲ್ಲಿವರೆಗೆ ಯಾರು ಬೇಕಾದರೂ ಮಾಡುತ್ತಾರೆ. ಈ 6 ಲಕ್ಷ ಕೊಡಬೇಕಾದದ್ದು ಇನ್ನು 10 ವರ್ಷ ಆದಮೇಲೆ ಅಂದರೆ ಕಂಪನಿ ಇವತ್ತಿನ ಲೆಕ್ಕಪುಸ್ತಕದಲ್ಲಿ ಎಷ್ಟು ತೋರಿಸಬೇಕು? ಶೇ 7ರ ದರದಲ್ಲಿ ಹಿಂದಕ್ಕೆ ತಂದರೆ ಸುಮಾರು 3.05 ಲಕ್ಷ. ಶೇ 6 ಅಂದುಕೊಂಡರೆ 3.35 ಲಕ್ಷ. ಒಬ್ಬ ಉದ್ಯೋಗಿಗೆ 30,000 ವ್ಯತ್ಯಾಸ, 5,000 ಜನರ ಕಂಪನಿಯಲ್ಲಿ 15 ಕೋಟಿ. ಅದರ ಮೇಲೆ ಆತ ಅಲ್ಲಿಯವರೆಗೆ ಅದೇ ಕಂಪನಿಯಲ್ಲಿ ಇರುತ್ತಾನಾ, ಸಂಬಳ ಎಷ್ಟು ಏರುತ್ತದೆ, ಬದುಕಿರುತ್ತಾನಾ ಅನ್ನುವ ಸಂಭವನೀಯತೆಗಳು ಬರುತ್ತವೆ. ಇದನ್ನೆಲ್ಲ ಎಕ್ಸೆಲ್‌ನಲ್ಲೇ ಮಾಡುವ ಸಲಹಾ ಸಂಸ್ಥೆಗಳು ಬೇಕಾದಷ್ಟಿವೆ.

ಕೋಡಿಂಗ್ ಪೂರ್ತಿ ಇಲ್ಲ ಅಂತಲ್ಲ. ಸ್ಟ್ಯಾಟಿಸ್ಟಿಕ್ಸ್ ಪೇಪರ್‌ಗಳಲ್ಲಿ ಆರ್ ಬಳಸುವ ಪ್ರಾಯೋಗಿಕ ಭಾಗ ಇದೆ, ಆಕ್ಚುವರಿಯಲ್ ಗಣಿತದ ಪೇಪರ್‌ಗಳಲ್ಲಿ ಎಕ್ಸೆಲ್. ಆದರೆ ಅದು ಕಲಿಯುವಷ್ಟೇ ಇದೆ, ಅದರಲ್ಲೇ ಮುಳುಗುವಷ್ಟಿಲ್ಲ.

ಬದಲಿಗೆ ಕೊಡಬೇಕಾದದ್ದು ವಯಸ್ಸು. ಫೆಲೋ, ಅಂದರೆ ಪೂರ್ಣ ಅರ್ಹತೆಯ ಆಕ್ಚುವರಿ ಆಗಲು ಒಂದು ಡಜನ್‌ನಷ್ಟು ಪೇಪರ್‌ಗಳು. ವರ್ಷಕ್ಕೆ ಎರಡು ಸಲ ಪರೀಕ್ಷೆ. ಕೆಲಸ ಮಾಡುತ್ತಾ ಬರೆಯುವವರಿಗೆ ಆರೇಳು ವರ್ಷ ಸಾಮಾನ್ಯ, ಹತ್ತು ವರ್ಷ ಹಿಡಿದವರೂ ಇದ್ದಾರೆ. ನನ್ನ ಜೊತೆ ಎಂಎಸ್ಸಿ ಮಾಡಿದ ಗೆಳತಿಯೊಬ್ಬಳು ಈ ದಾರಿ ಹಿಡಿದಳು. ಮದುವೆ ಆದ ವರ್ಷವೂ ಪರೀಕ್ಷೆ, ಮಗು ಹುಟ್ಟಿದ ವರ್ಷವೂ ಪರೀಕ್ಷೆ. ಹಬ್ಬಕ್ಕೆ ಊರಿಗೆ ಬಂದರೂ ಬ್ಯಾಗಿನಲ್ಲಿ ನೋಟ್ಸ್ ಇರುತ್ತಿತ್ತು. ಈಗ ಅವಳಿಗೆ ತನ್ನ ಕೆಲಸ ತುಂಬಾ ಇಷ್ಟ, ಆದರೆ ಆ ವರ್ಷಗಳನ್ನು ಹಗುರ ಮಾಡಿ ಹೇಳಲು ಅವಳು ಒಪ್ಪುವುದಿಲ್ಲ. ಮನೆಯ ಜವಾಬ್ದಾರಿ ತಲೆ ಮೇಲೆ ಇದ್ದು, ಎರಡು ವರ್ಷದಲ್ಲಿ ಒಂದು ಮಟ್ಟಕ್ಕೆ ಬರಬೇಕು ಅನ್ನುವವರು ಯೋಚಿಸಿ ಹೆಜ್ಜೆ ಇಡಿ. ಮೊದಲ ಎರಡು ಮೂರು ಪೇಪರ್ ಪಾಸಾಗದೆ ಕೆಲಸ ಸಿಗುವುದೂ ಕಷ್ಟ. ಕೆಲಸಗಳು ಜಾಸ್ತಿ ಇರುವುದು ಮುಂಬೈ, ಪುಣೆ, ಗುರುಗ್ರಾಮದ ಕಡೆ. ಬೆಂಗಳೂರಿನಲ್ಲಿ ಆಕೊ, ಡಿಜಿಟ್‌ನಂಥ ವಿಮಾ ಕಂಪನಿಗಳು ಬೆಳೆದಮೇಲೆ ಇಲ್ಲೂ ಬಾಗಿಲು ತೆರೆದಿದೆ.

ಕ್ರೆಡಿಟ್ ರಿಸ್ಕ್: ಹೊರಗಿನಿಂದ ಸುಲಭ ಕಾಣುತ್ತದೆ

ಸಾಲ ತೆಗೆದುಕೊಂಡವರಲ್ಲಿ ಎಷ್ಟು ಜನ ಕಟ್ಟದೆ ಹೋಗಬಹುದು ಅನ್ನುವ ಅಂದಾಜು. ಸೂತ್ರ ಮೂರೇ ಸಂಖ್ಯೆಗಳ ಗುಣಾಕಾರ: ಕಟ್ಟದೆ ಹೋಗುವ ಸಂಭವ, ಹೋದರೆ ಎಷ್ಟು ಭಾಗ ಮುಳುಗುತ್ತದೆ, ಬಾಕಿ ಎಷ್ಟಿದೆ. ಬೈಕ್ ಸಾಲದ ಬಾಕಿ 1 ಲಕ್ಷ, ಸಂಭವ ಶೇ 2, ಮುಳುಗುವ ಭಾಗ ಶೇ 45 ಅಂತ ಇಟ್ಟುಕೊಂಡರೆ ನಿರೀಕ್ಷಿತ ನಷ್ಟ 900 ರೂಪಾಯಿ. ಇಷ್ಟು ಮೊದಲೇ ತೆಗೆದಿಡಬೇಕು. 500 ಕೋಟಿ ಅಥವಾ ಅದಕ್ಕೂ ಜಾಸ್ತಿ ನಿವ್ವಳ ಮೌಲ್ಯದ ಎನ್‌ಬಿಎಫ್‌ಸಿಗಳಿಗೆ (ಬ್ಯಾಂಕ್ ಅಲ್ಲದ ಹಣಕಾಸು ಕಂಪನಿಗಳಿಗೆ) ಈ ಪದ್ಧತಿ 2018ರ ಏಪ್ರಿಲ್‌ನಿಂದಲೇ ಬಂದಿದೆ. ಬ್ಯಾಂಕುಗಳಿಗೂ ತರುವ ಕರಡು ನಿಯಮವನ್ನು ಆರ್‌ಬಿಐ 2025ರ ಅಕ್ಟೋಬರ್‌ನಲ್ಲಿ ಹೊರಡಿಸಿತು. ಹಾಗಾಗಿ ಕೆಲಸಕ್ಕೆ ಬರ ಇಲ್ಲ.

ಆದರೆ ಇಲ್ಲಿ ಡೇಟಾಬೇಸ್‌ನಿಂದ ಮಾಹಿತಿ ತೆಗೆಯುವ ಭಾಷೆ ಎಸ್‌ಕ್ಯೂಎಲ್ ದಿನಾ ಬೇಕು. ಹಳೆಯ ಬ್ಯಾಂಕುಗಳಲ್ಲಿ ಸ್ಯಾಸ್ ಅನ್ನುವ ಸ್ಟ್ಯಾಟಿಸ್ಟಿಕ್ಸ್ ಸಾಫ್ಟ್‌ವೇರ್ ಕೂಡ. ಲಾಜಿಸ್ಟಿಕ್ ರಿಗ್ರೆಶನ್ ಓಡಿಸುವುದು ಒಂದು ಮಧ್ಯಾಹ್ನದ ಕೆಲಸ. ಅದಕ್ಕೆ ಮುಂಚೆ ಮೂರು ವಾರ ಡೇಟಾ ಕ್ಲೀನ್ ಮಾಡುತ್ತಿರುತ್ತೀರಿ. ಒಂದೇ ಗ್ರಾಹಕ ಮೂರು ಹೆಸರಿನಲ್ಲಿ, ಕಂತಿನ ತಾರೀಖು ತಪ್ಪು, ಜಿಲ್ಲೆಯ ಹೆಸರು ಆರು ಬಗೆಯ ಕಾಗುಣಿತದಲ್ಲಿ. ಕೋಡಿಂಗ್ ದ್ವೇಷಿಸುವವರಿಗೆ ಇದು ಕೋಡಿಂಗ್‌ಗಿಂತ ಬೇಸರ ತರಿಸಬಹುದು. ಈ ಕೆಲಸದಲ್ಲಿ ಪಾಲಿಸಿ ಕಡೆಯ ತಂಡಗಳೂ ಇರುತ್ತವೆ. ಯಾರಿಗೆ ಸಾಲ ಕೊಡಬೇಕು, ಮಿತಿ ಎಷ್ಟು ಅಂತ ತೀರ್ಮಾನಿಸುವವರು. ಕೋಡ್ ಕಡಿಮೆ ಬೇಕಾದರೆ ಆ ಕಡೆ ಕೇಳಿ.

ಬ್ಯಾಂಕಿನ ಖಜಾನೆ ವಿಭಾಗ ಮತ್ತು ಎಎಲ್‌ಎಂ

ಕರಾವಳಿಯ ಕಡೆ ಬ್ಯಾಂಕಿನಲ್ಲಿ ಕೆಲಸ ಮಾಡಿದವರು ಒಬ್ಬರಾದರೂ ಇಲ್ಲದ ಮನೆತನ ಕಡಿಮೆ. ಕೆನರಾ ಬ್ಯಾಂಕ್ 1906ರಲ್ಲಿ ಮಂಗಳೂರಿನಲ್ಲಿ, ಕರ್ಣಾಟಕ ಬ್ಯಾಂಕ್ 1924ರಲ್ಲಿ ಅಲ್ಲೇ, ಸಿಂಡಿಕೇಟ್ 1925ರಲ್ಲಿ ಉಡುಪಿಯಲ್ಲಿ ಹುಟ್ಟಿದ್ದು. ಜನರಿಂದ ಚಿಕ್ಕ ಅವಧಿಗೆ ಠೇವಣಿ ತೆಗೆದುಕೊಂಡು, ದೊಡ್ಡ ಅವಧಿಗೆ ಸಾಲ ಕೊಟ್ಟು, ನಡುವೆ ದಿವಾಳಿ ಆಗದೆ ಇರುವುದು ಹೇಗೆ ಅನ್ನುವ ಪ್ರಶ್ನೆ ಅವರಿಗೂ ಇತ್ತು. ಅದರ ಲೆಕ್ಕವನ್ನೇ ಈಗ ಅಸೆಟ್ ಲಯಬಿಲಿಟಿ ಮ್ಯಾನೇಜ್‌ಮೆಂಟ್, ಚಿಕ್ಕದಾಗಿ ಎಎಲ್‌ಎಂ ಅನ್ನುತ್ತಾರೆ.

ಇದು ಎಷ್ಟು ದೊಡ್ಡ ವಿಷಯ ಅಂತ 2023ರ ಮಾರ್ಚ್‌ನಲ್ಲಿ ಎಲ್ಲರೂ ನೋಡಿದರು. ಅಮೆರಿಕದ ಸಿಲಿಕಾನ್ ವ್ಯಾಲಿ ಬ್ಯಾಂಕ್, ಯಾವಾಗ ಬೇಕಾದರೂ ತೆಗೆಯಬಹುದಾದ ಠೇವಣಿಗಳನ್ನು ದೀರ್ಘ ಅವಧಿಯ ಬಾಂಡ್‌ಗಳಲ್ಲಿ ಹಾಕಿತ್ತು. ಬಡ್ಡಿ ದರ ಏರಿತು, ಬಾಂಡ್ ಬೆಲೆ ಬಿತ್ತು. ಮಾರ್ಚ್ 8ರಂದು 180 ಕೋಟಿ ಡಾಲರ್ ನಷ್ಟದಲ್ಲಿ ಬಾಂಡ್ ಮಾರಿದ್ದೇವೆ ಅಂತ ಘೋಷಿಸಿತು, ಮರುದಿನ ಒಂದೇ ದಿನದಲ್ಲಿ ಜನ 4,200 ಕೋಟಿ ಡಾಲರ್ ವಾಪಸ್ ಕೇಳಿದರು, 10ನೇ ತಾರೀಖು ಬ್ಯಾಂಕ್ ಮುಚ್ಚಿತು. ಬಡ್ಡಿ ಬದಲಾದರೆ ಬಾಂಡ್ ಬೆಲೆ ಎಷ್ಟು ಅಲುಗಾಡುತ್ತದೆ ಅನ್ನುವ ಅಳತೆಗೆ ಡ್ಯುರೇಶನ್ ಅನ್ನುತ್ತಾರೆ. ಅದು 6 ಇರುವ ಬಾಂಡ್, ಬಡ್ಡಿ ಶೇ 1 ಏರಿದರೆ ಸುಮಾರು ಶೇ 6 ಬೆಲೆ ಕಳೆದುಕೊಳ್ಳುತ್ತದೆ. ಬಿಕಾಂ ವಿದ್ಯಾರ್ಥಿಯೂ ಮಾಡುವ ಲೆಕ್ಕ ಇದು.

ಎಕ್ಸೆಲ್ ಮತ್ತು ಬ್ಯಾಂಕಿನ ಸಿದ್ಧ ಸಾಫ್ಟ್‌ವೇರ್, ಇಷ್ಟರಲ್ಲೇ ಬಹುತೇಕ ಕೆಲಸ ನಡೆಯುತ್ತದೆ. ಬದಲಿಗೆ ಗಡುವುಗಳು ಹಿಂಡುತ್ತವೆ. ಆರ್‌ಬಿಐಗೆ ವರದಿ ಹೋಗುವ ದಿನ ಮನೆಯಲ್ಲಿ ಏನೇ ಇದ್ದರೂ ಹೋಗಲೇಬೇಕು. ಗಣಿತದ ಆಳ ಕಡಿಮೆ ಅನ್ನೋದನ್ನೂ ಹೇಳಬೇಕು. ಸ್ಟೊಕಾಸ್ಟಿಕ್ ಕ್ಯಾಲ್ಕುಲಸ್ ಪ್ರೀತಿಸುವವರಿಗೆ ಇಲ್ಲಿ ಹಸಿವು ತೀರುವುದಿಲ್ಲ. ಆದರೆ ಬ್ಯಾಂಕ್ ಒಟ್ಟಾರೆ ಹೇಗೆ ಓಡುತ್ತದೆ ಅಂತ ತಿಳಿಯಲು ಇದಕ್ಕಿಂತ ಒಳ್ಳೆಯ ಕುರ್ಚಿ ನಾನು ನೋಡಿಲ್ಲ.

ಟ್ರೇಡಿಂಗ್, ಸ್ಟ್ರಕ್ಚರಿಂಗ್

ಬಾಯಿ ಲೆಕ್ಕದಲ್ಲಿ ಚುರುಕಾಗಿರುವವರಿಗೆ. ಆಪ್ಟಿವರ್‌ನಂಥ ಟ್ರೇಡಿಂಗ್ ಕಂಪನಿಯ 8 ನಿಮಿಷಕ್ಕೆ 80 ಲೆಕ್ಕಗಳ ಪರೀಕ್ಷೆ ಈ ವಲಯದಲ್ಲಿ ಎಲ್ಲರಿಗೂ ಗೊತ್ತು. ಬ್ಯಾಂಕುಗಳ ಸ್ಟ್ರಕ್ಚರಿಂಗ್ ಡೆಸ್ಕ್‌ನಲ್ಲಿ ಗ್ರಾಹಕರಿಗೆ ಬೇಕಾದ ಹಾಗೆ ಡೆರಿವೇಟಿವ್ (ಷೇರು, ಬಡ್ಡಿ, ಕರೆನ್ಸಿಯಂಥವುಗಳ ಬೆಲೆ ಮೇಲೆ ನಿಂತ ಒಪ್ಪಂದ) ಹೊಂದಿಸಿ, ಬೆಲೆ ಕಟ್ಟಿ, ಅದನ್ನು ವಿವರಿಸಿ ಹೇಳಬೇಕು. ಮಾತು ಮುಖ್ಯ, ನರ ಗಟ್ಟಿ ಇರಬೇಕು, ಮುಂಬೈಗೆ ಹೋಗಬೇಕಾಗಬಹುದು. ಕ್ಯಾಂಪಸ್ ಸಂದರ್ಶನಗಳೂ ಕೆಲವೇ ಕಾಲೇಜುಗಳಿಗೆ ಸೀಮಿತ. ಜೊತೆಗೆ ಈಗೀಗ ಟ್ರೇಡರ್‌ಗಳಿಗೂ ಪೈಥಾನ್ ಬರಬೇಕು ಅನ್ನುತ್ತಿದ್ದಾರೆ. ಕೋಡ್ ತಪ್ಪಿಸಿಕೊಳ್ಳಲು ಅಂತಲೇ ಈ ಕಡೆ ಬರುವುದನ್ನು ನಾನು ಹೇಳುವುದಿಲ್ಲ.

ಸರ್ಕಾರಿ ದಾರಿ

ಇದನ್ನು ಯಾರೂ ಹೇಳುವುದೇ ಇಲ್ಲ. ಆರ್‌ಬಿಐನಲ್ಲಿ ಗ್ರೇಡ್ ಬಿ ಅಧಿಕಾರಿಗಳನ್ನು ಅಂಕಿಅಂಶ ವಿಭಾಗಕ್ಕೆ, ಅಂದರೆ ಡಿಎಸ್‌ಐಎಂಗೆ, ಬೇರೆಯಾಗಿ ತೆಗೆದುಕೊಳ್ಳುತ್ತಾರೆ. ಸ್ಟ್ಯಾಟಿಸ್ಟಿಕ್ಸ್‌ನಲ್ಲೇ ವಿವರಣಾತ್ಮಕ ಪೇಪರ್ ಇದೆ. ಎಸ್ಟಿಮೇಶನ್, ಸ್ಯಾಂಪ್ಲಿಂಗ್, ರಿಗ್ರೆಶನ್‌ಗಳನ್ನು ಪೆನ್ನು ಹಿಡಿದು ಬಿಡಿಸುವ ಖುಷಿ ಉಳಿಸಿಕೊಂಡವರಿಗೆ ಇದಕ್ಕಿಂತ ಹೊಂದುವ ಪರೀಕ್ಷೆ ಇಲ್ಲ. ಯುಪಿಎಸ್‌ಸಿ ನಡೆಸುವ ಇಂಡಿಯನ್ ಸ್ಟ್ಯಾಟಿಸ್ಟಿಕಲ್ ಸರ್ವಿಸ್ ಪರೀಕ್ಷೆಯೂ ಇದೇ ಓದಿನಲ್ಲಿ ಬರುತ್ತದೆ, ಅಲ್ಲಿ ಫೈನಾನ್ಸ್ ಪಾಲು ಕಡಿಮೆ ಅಷ್ಟೇ. ತೊಂದರೆ ಏನೆಂದರೆ ಹುದ್ದೆಗಳು ಬೆರಳೆಣಿಕೆ, ವಯಸ್ಸಿನ ಮಿತಿ ಇದೆ. ಇದೊಂದನ್ನೇ ನಂಬಿ ಮೂರು ವರ್ಷ ಮನೆಯಲ್ಲಿ ಕೂರಬೇಡಿ. ಆಕ್ಚುವರಿಯ ಮೊದಲ ಪೇಪರ್‌ಗಳ ಓದು ಮತ್ತು ಇದರ ಓದು ಎಷ್ಟೋ ಕಡೆ ಒಂದೇ ಆಗಿರುವುದರಿಂದ ಎರಡನ್ನೂ ಒಟ್ಟಿಗೆ ಹಿಡಿಯಬಹುದು.

ಎಫ್‌ಆರ್‌ಎಂ ಬೇಕಾ, ಸಿಎಫ್‌ಎ ಬೇಕಾ

ಎರಡೂ ಅಂತರರಾಷ್ಟ್ರೀಯ ವೃತ್ತಿ ಪರೀಕ್ಷೆಗಳು. ರಿಸ್ಕ್ ಕಡೆ ಹೋಗುವವರಿಗೆ ಎಫ್‌ಆರ್‌ಎಂ, ಅಂದರೆ ಫೈನಾನ್ಷಿಯಲ್ ರಿಸ್ಕ್ ಮ್ಯಾನೇಜರ್. ಎರಡು ಭಾಗ, ಮೊದಲನೆಯದರಲ್ಲಿ 100 ಪ್ರಶ್ನೆ, ಎರಡನೆಯದರಲ್ಲಿ 80, ತಲಾ 4 ಗಂಟೆ. ಕೋಡಿಂಗ್ ಪ್ರಶ್ನೆ ಇಲ್ಲ, ಕ್ಯಾಲ್ಕುಲೇಟರ್ ಸಾಕು. ಸಿಎಫ್‌ಎ, ಅಂದರೆ ಚಾರ್ಟರ್ಡ್ ಫೈನಾನ್ಷಿಯಲ್ ಅನಲಿಸ್ಟ್‌ನಲ್ಲಿ ಮೂರು ಹಂತ. ಕಂಪನಿಗಳ ವಿಶ್ಲೇಷಣೆ, ಹೂಡಿಕೆ ನಿರ್ವಹಣೆ ಕಡೆ ಒಲವಿದ್ದರೆ ಅದು. ಎರಡಕ್ಕೂ ಶುಲ್ಕ ಡಾಲರ್‌ನಲ್ಲಿ, ಮಧ್ಯಮ ವರ್ಗದ ಮನೆಗೆ ಅದು ಸಣ್ಣ ಮೊತ್ತವಲ್ಲ. ನನ್ನ ಸಲಹೆ: ಎಫ್‌ಆರ್‌ಎಂ ಮೊದಲ ಭಾಗ ಬರೆದು ಕೆಲಸ ಹುಡುಕಿ, ಎರಡನೆಯದು ಕೆಲಸ ಸಿಕ್ಕಮೇಲೆ. ಎಷ್ಟೋ ಕಡೆ ಕಂಪನಿಯೇ ಶುಲ್ಕ ಕೊಡುತ್ತದೆ.

ಕನಿಷ್ಠ ಎಷ್ಟು ಕಲಿಯಬೇಕು

ಎಕ್ಸೆಲ್ ಚೆನ್ನಾಗಿ. ಎಸ್‌ಕ್ಯೂಎಲ್‌ನಲ್ಲಿ ಬೇಕಾದದ್ದನ್ನು ಆರಿಸುವುದು, ಎರಡು ಪಟ್ಟಿ ಜೋಡಿಸುವುದು, ಗುಂಪು ಮಾಡಿ ಎಣಿಸುವುದು. ಪೈಥಾನ್ ಅಥವಾ ಆರ್ ಎರಡರಲ್ಲಿ ಒಂದನ್ನು ಓದಿ ಅರ್ಥ ಮಾಡಿಕೊಳ್ಳುವಷ್ಟು. ದಿನಕ್ಕೆ ಒಂದು ಗಂಟೆ ಕೊಟ್ಟರೆ ನಾಲ್ಕೈದು ತಿಂಗಳ ಕೆಲಸ.

ಈಗ ಎಐ ಟೂಲ್‌ಗಳೇ ಕೋಡ್ ಬರೆದುಕೊಡುತ್ತವಲ್ಲ, ಇನ್ನು ಯಾಕೆ ಕಲಿಯಬೇಕು ಅಂತ ಕೇಳುತ್ತಾರೆ. ಬರೆದುಕೊಡುತ್ತವೆ, ನಿಜ, ನಮ್ಮಂಥವರಿಗೆ ಅದರಿಂದ ದೊಡ್ಡ ಸಹಾಯವೂ ಆಗಿದೆ. ಆದರೆ ಒಂದು ಘಟನೆ ಹೇಳುತ್ತೇನೆ. ನಮ್ಮ ತಂಡಕ್ಕೆ ಹೊಸದಾಗಿ ಸೇರಿದವರೊಬ್ಬರು ಸಾಲದ ಡೇಟಾ ಮೇಲೆ ಇಂಥ ಟೂಲ್ ಬರೆದ ಕೋಡ್ ಓಡಿಸಿದರು. ಉತ್ತರ ಚೆನ್ನಾಗಿಯೇ ಬಂತು, ಚಿತ್ರವೂ ಚೆಂದ. ಆದರೆ ಕಂತು ತಡವಾದ ದಿನಗಳ ಕಾಲಮ್‌ನಲ್ಲಿ ಖಾಲಿ ಇದ್ದ ಕಡೆಯೆಲ್ಲ ಕೋಡ್ ಸುಮ್ನೆ ಸೊನ್ನೆ ತುಂಬಿತ್ತು. ಸೊನ್ನೆ ಅಂದರೆ ಒಂದು ದಿನವೂ ತಡ ಮಾಡಿಲ್ಲ ಅಂತ ಅರ್ಥ! ಮಾಹಿತಿಯೇ ಇಲ್ಲದ ಸಾಲಗಳೆಲ್ಲ ಅತ್ಯುತ್ತಮ ಸಾಲಗಳಾಗಿಬಿಟ್ಟಿದ್ದವು. ಅದು ಒಂದೇ ಸಾಲು. ಓದಲು ಬಂದರೆ ಕಣ್ಣಿಗೆ ಬೀಳುತ್ತದೆ, ಬಾರದಿದ್ದರೆ ಇಲ್ಲ. ಬರೆಯುವುದು ಬೇಡ ಅಂದರೂ ಪರವಾಗಿಲ್ಲ, ಓದಲು ಕಲಿಯಿರಿ ಅಂತ ನಾನು ಒತ್ತಿ ಹೇಳುವುದು ಅದಕ್ಕೇ.

ಇಂಟರ್‌ವ್ಯೂನಲ್ಲಿ ಕೇಳಬೇಕಾದ ಒಂದು ಪ್ರಶ್ನೆ

ಹುದ್ದೆಯ ಹೆಸರು ನೋಡಿ ಏನೂ ತಿಳಿಯುವುದಿಲ್ಲ. ಕ್ವಾಂಟ್ ಅನಲಿಸ್ಟ್ ಅನ್ನುವ ಒಂದೇ ಹೆಸರಿನಲ್ಲಿ ಒಂದು ತಂಡ ಇಡೀ ದಿನ ಸಿ ಪ್ಲಸ್ ಪ್ಲಸ್ ಬರೆಯುತ್ತಿರುತ್ತದೆ, ಪಕ್ಕದ ತಂಡ ವರದಿ ಬರೆಯುತ್ತಿರುತ್ತದೆ. ಕೋಡಿಂಗ್ ಜಾಸ್ತಿ ಇರುತ್ತದಾ ಅಂತ ನೇರವಾಗಿ ಕೇಳಿದರೆ ಸ್ವಲ್ಪ ಇರುತ್ತದೆ ಅಂತಲೇ ಎಲ್ಲರೂ ಹೇಳುತ್ತಾರೆ, ಆ ಉತ್ತರದಿಂದ ಪ್ರಯೋಜನವಿಲ್ಲ. ಬದಲಿಗೆ ಹೀಗೆ ಕೇಳಿ: ಕಳೆದ ವರ್ಷ ನಿಮ್ಮ ತಂಡಕ್ಕೆ ಸೇರಿದವರು ಮೊದಲ ಆರು ತಿಂಗಳಲ್ಲಿ ಯಾವ ಕೆಲಸ ಮುಗಿಸಿಕೊಟ್ಟರು? ಉತ್ತರದಲ್ಲಿ ವರದಿ, ಪರೀಕ್ಷೆ, ಸಮಿತಿಯ ಮುಂದೆ ವಿವರಣೆ ಅನ್ನುವ ಮಾತುಗಳು ಬಂದರೆ ನಿಮಗೆ ಸರಿಹೋಗಬಹುದು. ಲೈಬ್ರರಿ, ಪೈಪ್‌ಲೈನ್, ಪ್ರೊಡಕ್ಷನ್ ಅನ್ನುವ ಮಾತುಗಳು ಬಂದರೆ ಅದು ಸಾಫ್ಟ್‌ವೇರ್ ಕೆಲಸವೇ, ಹೆಸರು ಏನೇ ಇರಲಿ.